ತಪ್ಪು ಉತ್ತರಕ್ಕೊಂದು ಮಿಠಾಯಿ

ಮೊಮ್ಮಗ ಎಮಿಲ್ ತೀರಿಕೊಂಡ ಸುದ್ದಿ ತಿಳಿದ ಮಂಗಳವಾರ ನಾನು ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಹಿತ್ತಿಲ ಗಿಡಗಳು ಕೊನೆಯ ಕಾಯಿ ಬಿಡುತ್ತಿದ್ದವು. ಬೆಂಡೆಕಾಯಿಗೆ ಸಿಗಡಿ ಹಾಕಿ ಗಂಬೋ ಎಂಬ ಗಟ್ಟಿ ಸಾರು ಮಾಡಿದರೆ ಅವನು ಮೂರು ತಟ್ಟೆ ಅನ್ನದ ಮೇಲೆ ಸುರಿದುಕೊಂಡು ತಿನ್ನುತ್ತಿದ್ದ. ಕಾಲೇಜಿನ ಮೈದಾನದಲ್ಲಿ, ಹೆಲ್ಮೆಟ್ ತೊಟ್ಟು ಮೈಮೇಲೆ ಬಿದ್ದು ಆಡುವ ನಮ್ಮ ಫುಟ್‌ಬಾಲ್ ಅಭ್ಯಾಸ ಮುಗಿಸಿ ಏಳು ಗಂಟೆಗೆ ಬರುವವನು ಅವನು.

ಐದೂವರೆಗೆ ಮುಂಬಾಗಿಲು ಬಡಿದ ಸದ್ದಾಯಿತು. ನಮ್ಮ ಮನೆಯ ಮುಂಬಾಗಿಲನ್ನು ಯಾರೂ ಬಡಿಯುವುದಿಲ್ಲ. ಪಾದ್ರಿಗಳು ಕೂಡ ಹಿತ್ತಲಿಂದ ಕೂಗಿಕೊಂಡೇ ಬರುತ್ತಾರೆ. ತಂಡದ ಕಿರಿಯ ಕೋಚ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಅಜ್ಜಿ, ಲೂಷಿಯನ್ ಎಲ್ಲಿ?"

"ಕಾರ್ಖಾನೇಲಿ. ಯಾಕಪ್ಪ? ಹುಡುಗ ಕಾಲು ಮುರ್ಕೊಂಡ್ನಾ?"

"ಕಾಲಲ್ಲ ಅಜ್ಜಿ."

ಕಾಲಲ್ಲ ಎಂದ ಕೂಡಲೇ ನನಗೆ ಉಳಿದದ್ದು ತಿಳಿಯಿತು. ಆದರೂ ಒಲೆ ಆರಿಸಿದೆ, ಚಾಕು ತೊಳೆದಿಟ್ಟೆ, ಹೆಚ್ಚಿದ ಕಾಯಿಯ ಮೇಲೆ ಬಟ್ಟೆ ಮುಚ್ಚಿದೆ. ಅಷ್ಟು ಹೊತ್ತು ಅವನು ಬಾಗಿಲಲ್ಲೇ ನಿಂತಿದ್ದ.

ದೊಡ್ಡ ಆಸ್ಪತ್ರೆ ಒಂದು ಗಂಟೆಯ ದಾರಿ. ಅಲ್ಲಿ ನಾವು ನಾಲ್ವರೂ ಒಂದೇ ಬೆಂಚಿನಲ್ಲಿ ಕೂತೆವು: ನನ್ನ ಮಗ ಲೂಷಿಯನ್, ಸೊಸೆ ಅರ್ಲೀನ್, ಹದಿನಾರು ವರ್ಷದ ಮೊಮ್ಮಗಳು ಸಿಲೆಸ್ಟ್, ನಾನು. ಏಳೂವರೆಗೆ ವೈದ್ಯರು ಹೊರಗೆ ಬಂದು, ಹುಡುಗ ಉಳಿಯಲಿಲ್ಲ ಎಂದು ಹೇಳಿದರು. ಇವತ್ತಿನ ಪೆಟ್ಟು ದೊಡ್ಡದಲ್ಲ. ಅದನ್ನು ತಿಂದು ತಾನಾಗಿ ಎದ್ದು ನಡೆದು ಬೆಂಚಿನಲ್ಲಿ ಕೂತ, ಆಮೇಲೆ ಕುಸಿದ. ಮೊದಲು ಬಿದ್ದ ಪೆಟ್ಟೊಂದು ತಲೆಯೊಳಗೆ ಮಾಯದೆ ಇತ್ತು, ಅದರ ಮೇಲೆ ಇದು ಬಿದ್ದಿತು, ಮಿದುಳು ಊದಿಕೊಂಡಿತು ಎಂದರು.

"ಮಾಯದೆ ಹೇಗಿತ್ತು?" ಎಂದು ಅರ್ಲೀನ್ ಎದ್ದು ನಿಂತಳು. "ಹತ್ತು ದಿನದ ಹಿಂದೆ ಬಿದ್ದಿದ್ದ. ಆ ಟ್ರೈನರ್ ಹುಡುಗಿ ಪರೀಕ್ಷೆ ಮಾಡಿ ಸರಿಯಿದಾನೆ ಅಂದಳಲ್ಲ! ಕಂಪ್ಯೂಟರಲ್ಲಿ ನೋಡಿ ಹೇಳಿದಳಲ್ಲ!"

ವೈದ್ಯರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರು ಬೆಂಚಿನಲ್ಲಿದ್ದೆವು. ಲೂಷಿಯನ್ ನೆಲ ನೋಡಿದ. ಸಿಲೆಸ್ಟ್ ನನ್ನ ಮುಖ ನೋಡಿದಳು. ನಾನು ಜಪಸರ ತೆಗೆದು ಕಣ್ಣು ಮುಚ್ಚಿದೆ. ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಪ್ರಾರ್ಥನೆಯ ಹಿಂದೆ ಅಡಗಿ ಕೂತೆ.

*

ಆಗಸ್ಟ್ ತಿಂಗಳಲ್ಲಿ, ತಂಡದ ಶಿಬಿರ ಶುರುವಾಗುವ ಮೊದಲು, ಪ್ರತಿ ಆಟಗಾರನೂ ಕಂಪ್ಯೂಟರಿನ ಮುಂದೆ ಕೂತು ಒಂದು ಪರೀಕ್ಷೆ ಕೊಡಬೇಕು. ಪದಗಳನ್ನು ತೋರಿಸಿ ನೆನಪಿದೆಯೇ ಎಂದು ಕೇಳುತ್ತದೆ. ಆಕಾರಗಳನ್ನು ತೋರಿಸುತ್ತದೆ. ಕೆಂಪು ಕಂಡರೆ ಒಂದು ಗುಂಡಿ, ನೀಲಿ ಕಂಡರೆ ಇನ್ನೊಂದು. ಆಮೇಲೆ ಪಂದ್ಯದಲ್ಲಿ ಯಾರಿಗಾದರೂ ತಲೆಗೆ ಪೆಟ್ಟಾದರೆ ಅದೇ ಪರೀಕ್ಷೆ ಮತ್ತೊಮ್ಮೆ. ಆಗಸ್ಟ್‌ಗಿಂತ ಕಡಿಮೆ ಬಂದರೆ ಹುಡುಗನನ್ನು ಕೂರಿಸುತ್ತಾರೆ.

ಹೋದ ವರ್ಷ ಎಮಿಲ್‌ನನ್ನು ಹಾಗೆ ಐದು ಪಂದ್ಯ ಕೂರಿಸಿದ್ದರು. ಕೂರಿಸಿದವಳು ಟ್ರೈನರ್ ಜೋನೆಲ್. ತಂಡದ ಗಾಯ, ನೋವು, ಪಟ್ಟಿ, ಐಸು ಎಲ್ಲವೂ ಅವಳ ಕೆಲಸ. ಇಪ್ಪತ್ತೇಳರ ಹುಡುಗಿ, ಮುಖ್ಯ ಕೋಚ್ ಎದುರಿಗೇ ಆಗಲ್ಲ ಎಂದು ಹೇಳುವವಳು. ಎಮಿಲ್ ಅಂಗಿ ಮಾತ್ರ ತೊಟ್ಟು, ಹೆಲ್ಮೆಟ್ ಇಲ್ಲದೆ ಗೆರೆಯ ಆಚೆ ನಿಂತಿರುತ್ತಿದ್ದ. ಅದನ್ನು ನೋಡಲಾರದೆ ನಾನು ಎರಡು ಶನಿವಾರ ಮೈದಾನಕ್ಕೇ ಹೋಗಲಿಲ್ಲ.

ಈ ವರ್ಷ ಅವನ ಕೊನೆಯ ವರ್ಷ. ಸಕ್ಕರೆ ಕಾರ್ಖಾನೆಯಲ್ಲಿ ಲೂಷಿಯನ್‌ನ ಜೊತೆಗಾರನೊಬ್ಬ ಉಪಾಯ ಹೇಳಿಕೊಟ್ಟಿದ್ದ. ಆಗಸ್ಟ್‌ನಲ್ಲೇ ಬೇಕೆಂದು ಕಡಿಮೆ ತೆಗೆದುಬಿಟ್ಟರೆ ಆಯಿತು, ಮುಂದೆ ಪೆಟ್ಟು ಬಿದ್ದಾಗ ಎರಡೂ ಒಂದೇ ಥರ ಕಾಣುತ್ತದೆ. ಅವನ ಮಗ ಹಾಗೆ ಮಾಡಿ ಒಂದೂ ಪಂದ್ಯ ತಪ್ಪಿಸಿಕೊಂಡಿರಲಿಲ್ಲವಂತೆ.

ಅರ್ಲೀನ್ ಶಾಲೆಯ ಬಸ್ ಓಡಿಸುತ್ತಾಳೆ. ಆ ವಾರ ಹೊಸ ದಾರಿ ಕಲಿಯಲು ಮಧ್ಯಾಹ್ನವಿಡೀ ಡಿಪೋದಲ್ಲಿ ಇರುತ್ತಿದ್ದಳು. ಉಳಿದ ನಾವು ನಾಲ್ವರು ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಸಿಲೆಸ್ಟ್ ರಟ್ಟಿನ ಮೇಲೆ ಪದ, ಆಕಾರ, ಬಣ್ಣ ಬರೆದು ತಂದಿದ್ದಳು. ಮೊಟ್ಟೆ ಬೇಯಿಸಲು ಇಟ್ಟುಕೊಂಡ ಚಿಕ್ಕ ಗಡಿಯಾರ ನನ್ನ ಕೈಯಲ್ಲಿತ್ತು.

"ಗೊತ್ತಾದ ತಕ್ಷಣ ಒತ್ತಬೇಡ. ಒಂದು ಉಸಿರು ತಡಿ, ಆಮೇಲೆ ಒತ್ತು," ಎಂದ ಲೂಷಿಯನ್.

"ಬೆರಳು ತಾನಾಗೇ ಹೋಗುತ್ತೆ ಅಪ್ಪಾ."

"ಅದಕ್ಕೇ ಅಭ್ಯಾಸ ಮಾಡೋದು. ತೀರಾ ಪೆದ್ದ ಆಗಬೇಡ, ಕಂಪ್ಯೂಟರ್ ಹಿಡಿದುಬಿಡುತ್ತೆ. ಸ್ವಲ್ಪ ಪೆದ್ದ ಆಗು."

"ಅದೇನು ಇವನಿಗೆ ಕಷ್ಟಾನಾ?" ಎಂದಳು ಸಿಲೆಸ್ಟ್.

"ನೀನು ಕಾರ್ಡ್ ಎತ್ತೇ, ಮೂಗು ತೂರಿಸಬೇಡ."

ನಾನು ಆ ಬೆಳಿಗ್ಗೆ ಪ್ರಲೀನ್ ಮಾಡಿದ್ದೆ, ಸಕ್ಕರೆ ಪಾಕಕ್ಕೆ ಕೆನೆ ಮತ್ತು ಪೆಕಾನ್ ಬೀಜ ಹಾಕಿ, ಚಮಚದಿಂದ ಕಾಗದದ ಮೇಲೆ ಬೊಟ್ಟಿಟ್ಟು ಆರಿಸುವ ಮಿಠಾಯಿ. ಎಮಿಲ್ ಪ್ರತಿ ಸಲವೂ ಸರಿಯುತ್ತರವನ್ನೇ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಲೂಷಿಯನ್‌ಗೆ ಸಿಟ್ಟು ಬರತೊಡಗಿತು. ಆಗ ನಾನು ತಟ್ಟೆ ಮುಂದೆ ತಳ್ಳಿ ಹೇಳಿದೆ:

"ಸುಮ್ನಿರೋ, ಬೈಬೇಡ. ಎಮಿಲ್, ತಪ್ಪು ಉತ್ತರಕ್ಕೊಂದು ಮಿಠಾಯಿ."

"ಮೆಮೇರ್, ಹೀಗೆ ನೀನು ಶಾಲೇಲೇ ಕೊಟ್ಟಿದ್ರೆ ನಾನು ಒಂದು ಕ್ಲಾಸೂ ಪಾಸಾಗ್ತಿರಲಿಲ್ಲ."

ಮಕ್ಕಳು ನನ್ನನ್ನು ಕರೆಯುವುದು ಹಾಗೆ. ನಾವೆಲ್ಲ ನಕ್ಕೆವು. ಆ ಮಧ್ಯಾಹ್ನ ಅವನು ಹನ್ನೊಂದು ಮಿಠಾಯಿ ಗೆದ್ದ. ಒಂದೊಂದನ್ನೂ ನಾನೇ ಅವನ ಕೈಗೆ ಕೊಟ್ಟೆ.

*

ಸೆಪ್ಟೆಂಬರಿನ ಮೂರನೆಯ ಶನಿವಾರ ಅವನು ಎದುರು ತಂಡದ ದೈತ್ಯನೊಬ್ಬನನ್ನು ತಡೆಯಲು ಹೋಗಿ ತಲೆಯೂರಿ ಬಿದ್ದ. ಎದ್ದವನು ಒಂದು ಕ್ಷಣ ನಮ್ಮ ತಂಡದ ಕಡೆಗಲ್ಲ, ಅವರ ಕಡೆಗೆ ನಡೆದ. ಜೋನೆಲ್ ಓಡಿಹೋಗಿ ಕೈ ಹಿಡಿದು ಕರೆತಂದಳು. ಮತ್ತೆ ಆಡಲು ಬಿಡಲಿಲ್ಲ. ಸೋಮವಾರ ಕಂಪ್ಯೂಟರ್ ಪರೀಕ್ಷೆ ಮಾಡಿದಳು. ಆಗಸ್ಟ್‌ನಲ್ಲಿ ಎಷ್ಟು ಬಂದಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ. ತಲೆನೋವಿದೆಯೇ ಎಂದು ದಿನವೂ ಕೇಳಿದಳು. ಇಲ್ಲವೆಂದು ದಿನವೂ ಹೇಳಿದ. ಆದರೂ ಅವಳು ಅವನನ್ನು ಒಂದು ವಾರ ಕೂರಿಸಿದಳು. ಅದಕ್ಕಾಗಿ ಲೂಷಿಯನ್ ಅವಳನ್ನು ಬೈದ. ವಾರ ಕಳೆದ ಮೇಲೆ ಮತ್ತೆ ಅಭ್ಯಾಸಕ್ಕೆ ಬರಬಹುದು ಎಂದಳು.

ಪೆಟ್ಟು ಬಿದ್ದ ಮೇಲಿನ ಎರಡನೆಯ ಭಾನುವಾರ, ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು ಊಟಕ್ಕೆ ಕೂತಾಗ ಎಮಿಲ್ ನನ್ನ ಪಕ್ಕದಲ್ಲಿದ್ದ. ಅರ್ಲೀನ್ ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದಳು.

"ಮೆಮೇರ್, ಪರದೆ ಎಳಿ. ಬೆಳಕು ಚುಚ್ಚುತ್ತೆ."

ಎಳೆದೆ. ಕಾಫಿಗೆ ಸಕ್ಕರೆ ಹಾಕಿಕೊಂಡ, ಕಲಕಿದ, ಮತ್ತೆ ಸಕ್ಕರೆ ಹಾಕಿಕೊಂಡ. ಸಿಲೆಸ್ಟ್ ಬ್ಯಾಂಡಿನ ಅಭ್ಯಾಸಕ್ಕೆ ಹೋದಳಾ ಎಂದು ಕೇಳಿದ. ಹೋದಳು ಎಂದೆ. ಅನ್ನ ಕಲಸುತ್ತ ಮತ್ತೆ ಅದನ್ನೇ ಕೇಳಿದ.

"ತಲೆ ನೋಯುತ್ತಾ ಮಗಾ?"

"ಸ್ವಲ್ಪ. ಅಮ್ಮಂಗೆ ಹೇಳಬೇಡ. ಹೇಳಿದ್ರೆ ನೇರ ಜೋನೆಲ್ ಹತ್ರ ಹೋಗ್ತಾಳೆ. ನಂಗಿರೋದು ಇನ್ನು ಎಂಟೇ ಪಂದ್ಯ, ಮೆಮೇರ್. ಜೀವನದಲ್ಲಿ ಎಂಟೇ."

ಒದ್ದೆ ಬಟ್ಟೆ ತಂದು ಅವನ ಹಣೆಯ ಮೇಲಿಟ್ಟೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅದು ಭಾನುವಾರ. ಅವನು ಸತ್ತದ್ದು ಮಂಗಳವಾರ.

*

ಅವನ ಶವಪೆಟ್ಟಿಗೆಯನ್ನು ತಂಡದ ಹುಡುಗರೇ ಹೊತ್ತರು. ನಮ್ಮ ಕಾಲೇಜಿನ ತಂಡಕ್ಕೆ ಬೆಳ್ಳಕ್ಕಿಗಳು ಎಂದು ಹೆಸರು. ಬಿಳಿಯ ಅಂಗಿ ತೊಟ್ಟು ಚರ್ಚಿನ ಎರಡೂ ಬದಿ ಸಾಲಾಗಿ ನಿಂತರು. ನನ್ನ ಗಂಡ ಮಲಗಿರುವ ನಮ್ಮ ಮನೆತನದ ಸಮಾಧಿಯಲ್ಲೇ ಎಮಿಲ್‌ನನ್ನೂ ಇಟ್ಟೆವು. ಮುಂದಿನ ಶನಿವಾರದಿಂದ ಎಲ್ಲ ಹುಡುಗರ ಹೆಲ್ಮೆಟ್ ಮೇಲೂ ಅವನ ಸಂಖ್ಯೆ ನಲವತ್ನಾಲ್ಕು ಬಂತು. ಅವರು ಗೆದ್ದರು. ಅದರ ಮುಂದಿನ ವಾರವೂ ಗೆದ್ದರು. ಪ್ರತಿ ಗೆಲುವಿನ ನಂತರ ಮುಖ್ಯ ಕೋಚ್ ಚೆಂಡನ್ನು ತಂದು ಲೂಷಿಯನ್‌ನ ಕೈಗೆ ಕೊಟ್ಟು ಹೋಗುತ್ತಿದ್ದ. ಊಟದ ಕೋಣೆಯ ಕಪಾಟಿನಲ್ಲಿ ಚೆಂಡುಗಳು ಸಾಲುಗಟ್ಟಿದವು. ಅರ್ಲೀನ್ ಆ ಕಪಾಟಿನ ಕಡೆ ಬೆನ್ನು ಹಾಕಿ ಊಟಕ್ಕೆ ಕೂರತೊಡಗಿದಳು.

"ಎತ್ತಿಡು ಅವನ್ನ, ಲೂಷಿಯನ್."

"ಅವನ ನೆನಪಿಗೆ ಕೊಟ್ಟಿರೋದು ಕಣೇ."

"ನನಗೆ ಅವನ ನೆನಪು ಬರೋಕೆ ಚೆಂಡು ಬೇಕಾ?"

ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಕಬ್ಬಿನ ಲಾರಿಗಳು ಮನೆಯ ಮುಂದೆ ಎಡೆಬಿಡದೆ ಓಡುತ್ತಿದ್ದವು. ಲೂಷಿಯನ್‌ಗೆ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಅದು ಅವನಿಗೆ ಅನುಕೂಲವೇ ಆಯಿತು. ಮನೆಗೆ ಬಂದರೆ ತಿಂದು ಮಲಗುತ್ತಿದ್ದ. ಅರ್ಲೀನ್ ಬಸ್ಸಿನಿಂದ ಬಂದವಳೇ ಕಾಗದ ಬರೆಯಲು ಕೂರುತ್ತಿದ್ದಳು. ಕಾಲೇಜು ಒಂದು ವಿಚಾರಣಾ ಸಮಿತಿ ಮಾಡಿತ್ತು. ಜೋನೆಲ್‌ಳನ್ನು ಕೆಲಸದಿಂದ ದೂರ ಇಟ್ಟಿದ್ದರು. ಇನ್ನು ಮುಂದೆ ಎಲ್ಲಿಯೂ ಈ ಕೆಲಸ ಮಾಡದಂತೆ ಅವಳ ಲೈಸೆನ್ಸ್ ತೆಗೆಯಬೇಕೆಂದು ಅರ್ಲೀನ್ ಬರೆಯುತ್ತಿದ್ದಳು.

"ಅತ್ತೆ, ಇದು ಸರಿಯಿದೆಯಾ ನೋಡಿ," ಎಂದು ಓದಿ ಹೇಳುತ್ತಿದ್ದಳು. "'ನನ್ನ ಮಗ ಸರಿಯಿಲ್ಲ ಅಂತ ಯಾರಿಗಾದರೂ ಕಾಣಬೇಕಿತ್ತು. ನೋಡುವುದೇ ಅವಳ ಕೆಲಸವಾಗಿತ್ತು.'"

"ಸರಿಯಿದೆ ಮಗಳೇ," ಎನ್ನುತ್ತಿದ್ದೆ.

ಸಾವಿನ ಮನೆಗೆ ಊರಿನವರು ತಂದುಕೊಟ್ಟ ಪಾತ್ರೆಗಳನ್ನು ಹಿಂತಿರುಗಿಸುವುದು ನನ್ನ ಪಾಲಿನ ಕೆಲಸ. ಕೋಳಿ, ಮಸಾಲೆ ಅನ್ನ, ಆಲೂಗಡ್ಡೆ ಸಲಾಡ್, ಎಲ್ಲದರ ತಳದಲ್ಲೂ ಅಂಟುಪಟ್ಟಿಯ ಮೇಲೆ ಹೆಸರು ಬರೆದಿರುತ್ತಾರೆ. ಇಪ್ಪತ್ತಮೂರು ಪಾತ್ರೆ ಕೊಟ್ಟು ಮುಗಿಸಿದೆ. ಒಂದು ಗಾಜಿನ ಪಾತ್ರೆ ಉಳಿಯಿತು. ಅದರ ತಳದಲ್ಲಿ ಪಟ್ಟಿ ಇತ್ತು, ಬರೆದ ಹೆಸರನ್ನು ಮಾತ್ರ ಕೆರೆದು ತೆಗೆದಿದ್ದರು.

ಸಿಲೆಸ್ಟ್ ಅದನ್ನು ಬೆಳಕಿಗೆ ಹಿಡಿದಳು. "ಇದು ಗಾಯಕ್ಕೆ ಸುತ್ತೋ ಬಿಳಿ ಪಟ್ಟಿ ಮೆಮೇರ್. ಅಡುಗೆಮನೇದಲ್ಲ. ಟ್ರೈನರ್‌ಗಳ ಹತ್ರ ಇರುತ್ತೆ."

ಒಳಗಿದ್ದದ್ದು ಏನೆಂದು ನೆನಪಿಗೆ ಬಂತು. ಬೆಂಡೆಕಾಯಿ ಮತ್ತು ಸಿಗಡಿ. ಅವನು ಅವಳಿಗೂ ಹೇಳಿರಬೇಕು, ತನಗೆ ಏನು ಇಷ್ಟವೆಂದು.

*

ಜೋನೆಲ್ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದಳು. ಬಾಗಿಲು ತೆರೆದವಳು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಬೈಸಿಕೊಳ್ಳಲು ಸಿದ್ಧಳಾದವಳ ಹಾಗೆ ನಿಂತಳು. ನಾನು ಪಾತ್ರೆ ಮುಂದೆ ಹಿಡಿದೆ.

"ಗೊತ್ತಾಯ್ತಾ ನಿಮಗೆ? ಹೆಸರಿದ್ರೆ ತಿನ್ನಲ್ಲ ಅಂತ ಕೆರೆದೆ," ಎಂದಳು. "ಬನ್ನಿ ಅಜ್ಜಿ, ಕೂತ್ಕೊಳ್ಳಿ. ಕುರ್ಚಿ ಒಂದೇ ಉಳಿದಿರೋದು."

ನೆಲದ ತುಂಬ ರಟ್ಟಿನ ಪೆಟ್ಟಿಗೆಗಳು. ಕಾಫಿ ಕೊಟ್ಟಳು. ತಾನು ಪೆಟ್ಟಿಗೆಯ ಮೇಲೆ ಕೂತಳು. ಒಂದು ಕಾಗದದ ಕಟ್ಟು ಅವಳ ಪಕ್ಕದಲ್ಲೇ ಇತ್ತು, ಅಂಚುಗಳು ಮಾಸಿದ್ದವು.

"ಒಂದು ಕೇಳ್ಲಾ ಅಜ್ಜಿ? ನೀವು ಬೈದ್ರೂ ಪರವಾಗಿಲ್ಲ. ಮನೇಲಿ ಅವನು ಹೇಗಿದ್ದ, ಆ ವಾರ? ಇಲ್ಲಿ ನೋಡಿ, ಇದು ಆಗಸ್ಟ್‌ದು, ಇದು ಸೆಪ್ಟೆಂಬರ್‌ದು. ನೂರು ಸಲ ನೋಡಿದೀನಿ. ಎರಡೂ ಒಂದೇ. ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಗೊತ್ತಾಗಿಬಿಟ್ರೆ ಸಾಕು, ಆಮೇಲೆ ಲೈಸೆನ್ಸ್ ತಗೊಳ್ಳಲಿ."

ಅವಳ ಬೆರಳು ಆಗಸ್ಟ್‌ನ ಸಾಲಿನ ಮೇಲಿತ್ತು. ಆ ಅಂಕೆಗಳು ನನಗೆ ಅರ್ಥವಾಗುವುದಿಲ್ಲ. ಆದರೆ ಅವು ಹೇಗೆ ಬಂದವೆಂದು ಗೊತ್ತಿತ್ತು.

"ಚೆನ್ನಾಗೇ ಇದ್ದ ಮಗಳೇ," ಎಂದೆ. "ಚೆನ್ನಾಗಿ ಊಟ ಮಾಡಿದ."

ಅವಳು ತಲೆಯಾಡಿಸಿದಳು. ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಮಂಡಿ ನೋವಿಗೆ ಹೇಗೆ ಕಾಲಿಡಬೇಕೆಂದೂ ಹೇಳಿಕೊಟ್ಟಳು. ಮನೆಯವರೆಗೆ ಮೂರು ಸಲ ದಾರಿಯಲ್ಲಿ ನಿಂತೆ, ಮೂರು ಸಲವೂ ಹಿಂದೆ ತಿರುಗಲಿಲ್ಲ.

*

ನವೆಂಬರ್ ಒಂದು, ಸಕಲ ಸಂತರ ಹಬ್ಬ. ನಮ್ಮಲ್ಲಿ ಅಂದು ಎಲ್ಲರೂ ಸಮಾಧಿ ತೊಳೆದು ಸುಣ್ಣ ಬಳಿಯುತ್ತಾರೆ. ನಾವೂ ಬಕೆಟು, ಕುಂಚ, ಸೇವಂತಿಗೆ ಹೂವು ಹಿಡಿದು ಹೋದೆವು. ಅರ್ಲೀನ್ ಮಗನ ಹೆಸರಿನ ಅಕ್ಷರಗಳ ಒಳಗಿನ ಧೂಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದಳು. ನೀರು ತರುವ ನೆಪದಲ್ಲಿ ನಾನು ಲೂಷಿಯನ್‌ನನ್ನು ನಲ್ಲಿಯ ಹತ್ತಿರ ಕರೆದೆ.

"ಆ ಹುಡುಗಿ ಮನೆಗೆ ಹೋಗಿದ್ದೆ. ಮೂಟೆ ಕಟ್ತಿದಾಳೆ."

"ಯಾಕೆ ಹೋದೆ ಅಮ್ಮ?"

"ಪಾತ್ರೆ ಕೊಡಕ್ಕೆ. ಲೂಷಿಯನ್, ಅವಳದೇನೂ ತಪ್ಪಿಲ್ಲ. ನಿಂಗೂ ಗೊತ್ತು."

"ಮೆಲ್ಲಗೆ ಮಾತಾಡು." ಅವನು ಹೆಂಡತಿಯ ಕಡೆ ನೋಡಿದ. "ಎರಡು ವಾರದಲ್ಲಿ ಕೊನೇ ಪಂದ್ಯ. ಕೊನೇ ವರ್ಷದ ಹುಡುಗರೆಲ್ಲ ಅಪ್ಪ ಅಮ್ಮನ ಕೈ ಹಿಡಿದು ಮೈದಾನಕ್ಕೆ ಬರ್ತಾರೆ. ನಾವು ಅವನ ಅಂಗಿ ಹಿಡ್ಕೊಂಡು ಹೋಗ್ಬೇಕು. ಇನ್ಮೇಲೆ ಈ ಕಾಲೇಜಲ್ಲಿ ಯಾರೂ ನಲವತ್ನಾಲ್ಕು ಹಾಕಲ್ಲ ಅಂತ ಆವತ್ತು ಸಾರ್ತಾರೆ. ಈಗ ಬಾಯಿ ಬಿಟ್ರೆ ಏನಂತಾರೆ? ಮೋಸ ಮಾಡಿ ಪರೀಕ್ಷೆ ಪಾಸಾದೋನು ಅಂತಾರೆ. ಸತ್ತ ಮಗುಗೆ ಆ ಹೆಸರು ಬೇಕಾ?"

"ಮೋಸ ಮಾಡಿದ್ದು ಮಗು ಅಲ್ವಲ್ಲೋ."

"ಹಾಗಾದ್ರೆ ಯಾರು? ನಾನೊಬ್ನೇನಾ? ಗಡಿಯಾರ ಯಾರ ಕೈಲಿತ್ತು?"

"ನನ್ ಕೈಲಿ. ಅದನ್ನೇ ಹೇಳ್ತೀನಿ."

"ಹೇಳು. ಅರ್ಲೀನ್‌ಗೇ ಮೊದಲು ಹೇಳು. ಅವಳು ಆಮೇಲೆ ಈ ಮನೇಲಿ ಇರ್ತಾಳಾ ನೋಡೋಣ."

ಸಿಲೆಸ್ಟ್ ಸುಣ್ಣದ ಕುಂಚ ಹಿಡಿದು ನಮ್ಮ ಹಿಂದೆಯೇ ಬಂದು ನಿಂತಿದ್ದಳು. "ಕಾರ್ಡ್ ಬರೆದೋಳು ನಾನು ಅಪ್ಪಾ," ಎಂದಳು. "ಒಂದು ತಿಂಗಳಾಯ್ತು, ನಂಗೆ ಅಮ್ಮನ ಮುಖ ನೋಡಕ್ಕಾಗ್ತಿಲ್ಲ. ನೀವು ದೊಡ್ಡೋರು ಹೇಗೆ ನೋಡ್ತೀರಾ?"

ಲೂಷಿಯನ್ ಬಕೆಟ್ ಎತ್ತಿಕೊಂಡು ಹೋದ. ಅರ್ಧ ನೀರು ಅವನ ಕಾಲಮೇಲೇ ಚೆಲ್ಲಿತು.

ಶನಿವಾರ ಪಾಪನಿವೇದನೆಗೆ ಹೋದೆ. ಫಾದರ್ ಟ್ರಾಹಾನ್ ನನ್ನ ಅಡುಗೆ ತಿಂದು ದಪ್ಪಗಾದವರು. ಜಾಲರಿಯ ಆಚೆ ಕೂತು ಎಲ್ಲವನ್ನೂ ಕೇಳಿದರು.

"ದೇವರು ಕ್ಷಮಿಸ್ತಾನೆ, ಒಡೀಲ್," ಎಂದರು. "ಆದ್ರೆ ಆ ಸಮಿತಿಗೆ ದೇವರು ಬಂದು ಹೇಳಿಕೆ ಕೊಡಲ್ಲ."

*

ಸೋಮವಾರ ಬೆಳಗಿನ ಸರದಿ ಮುಗಿಸಿ ಅರ್ಲೀನ್ ಬಂದಳು. ಒಲೆಯ ಮೇಲೆ ಕೆಂಪು ಹುರುಳಿ ಬೇಯುತ್ತಿತ್ತು. ನಾನು ಆ ಚಿಕ್ಕ ಗಡಿಯಾರವನ್ನು ಮೇಜಿನ ಮೇಲಿಟ್ಟು ಅವಳನ್ನು ಕೂರಿಸಿದೆ. ಎಲ್ಲ ಹೇಳಿದೆ. ಆಗಸ್ಟ್‌ನ ಮಧ್ಯಾಹ್ನ, ಕಾರ್ಡು, ಮಿಠಾಯಿ. ಪರದೆ, ಎರಡು ಸಲ ಹಾಕಿಕೊಂಡ ಸಕ್ಕರೆ, ಒದ್ದೆ ಬಟ್ಟೆ. ಏನನ್ನೂ ಬಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ.

ಅವಳು ಕೂಗಲಿಲ್ಲ. ಎದ್ದು ಹೋಗಿ ಹುರುಳಿ ಕಲಕಿದಳು. ನನಗೆ ಬೆನ್ನು ಹಾಕಿಯೇ ಕೇಳಿದಳು.

"ಎಷ್ಟು?"

"ಏನು?"

"ಮಿಠಾಯಿ. ಎಷ್ಟು ಕೊಟ್ರಿ?"

"ಹನ್ನೊಂದು."

"ಹನ್ನೊಂದು," ಎಂದಳು. ಸೌಟನ್ನು ಇಟ್ಟಳು. "ಆ ದಿನ ನಾನು ಬಂದಾಗ ತಟ್ಟೆ ಖಾಲಿಯಿತ್ತು. ನನಗೊಂದೂ ಉಳಿಸಿಲ್ವಾ ಅಂತ ಅವನ ಬೆನ್ನಿಗೆ ಗುದ್ದಿದೆ. ಅವನು ನಕ್ಕ. ನೀವೆಲ್ಲ ನಕ್ಕಿರಿ." ಈಗ ನನ್ನ ಕಡೆ ತಿರುಗಿದಳು. "ಅವನ ಹಣೆ ಮೇಲೆ ಬಟ್ಟೆ ಇಟ್ಟಾಗ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ ಅತ್ತೆ. ಹತ್ತು ಹೆಜ್ಜೆ. ಒಂದು ಸಲ ಕೂಗಿದ್ರೆ ಸಾಕಿತ್ತು."

ಅವಳು ಬರೆದಿಟ್ಟ ಕಾಗದಗಳನ್ನು ತಂದು ಒಂದೊಂದಾಗಿ ಹರಿದು ಕಸದ ಬುಟ್ಟಿಗೆ ಹಾಕಿದಳು. ಮುಖ ತೊಳೆದುಕೊಂಡು ಮಧ್ಯಾಹ್ನದ ಸರದಿಗೆ ಹೋದಳು. ಅಂದು ಹುರುಳಿ ತಳ ಹಿಡಿಯಿತು. ನಾವು ಅದನ್ನೇ ತಿಂದೆವು. ಲೂಷಿಯನ್ ಬಂದು, ಹೆಂಡತಿಯ ಮುಖ ನೋಡಿ, ಊಟ ಮಾಡದೆ ಕಾರ್ಖಾನೆಗೆ ಹಿಂತಿರುಗಿದ. ಆಮೇಲೆ ಅಲ್ಲಿಯೇ ಕ್ಯಾಂಟೀನಿನಲ್ಲಿ ತಿನ್ನತೊಡಗಿದ.

ಗುರುವಾರ ಸಮಿತಿಯ ಸಭೆ. ಅರ್ಲೀನ್ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ನಾನು ಇಳಿದಾಗ ಅವಳು ಇಳಿಯಲಿಲ್ಲ.

ಉದ್ದ ಮೇಜಿನ ಆಚೆ ಐವರು. ಈಚೆ ಕೊನೆಯ ಕುರ್ಚಿಯಲ್ಲಿ ಜೋನೆಲ್, ಆ ಮಾಸಿದ ಕಾಗದಗಳೊಂದಿಗೆ. ನಾನು ನಿಂತುಕೊಂಡೇ ಹೇಳಿದೆ. ಒಬ್ಬ ಮಹನೀಯರು ಕನ್ನಡಕ ತೆಗೆದು ಕೇಳಿದರು:

"ಅಂದ್ರೆ ಅಮ್ಮ, ಅವನು ಬೇಕಂತ ತಪ್ಪು ಉತ್ತರ ಕೊಟ್ಟ ಅಂತೀರಾ?"

"ನಾವು ಕಲಿಸಿದ್ವಿ ಸ್ವಾಮಿ. ಅವನಿಗೆ ಬರ್ತಿರ್ಲಿಲ್ಲ. ಕಲಿಸಿದ್ವಿ."

"ನಾವು ಅಂದ್ರೆ ಯಾರು? ಶುರು ಮಾಡಿದ್ದು ಯಾರು?"

ನನ್ನ ನಾಲಿಗೆ ಅಲ್ಲಿ ನಿಂತಿತು. ಹೆತ್ತ ಮಗ. ಹಿಂದಿನಿಂದ ಬಾಗಿಲು ತೆರೆದ ಸದ್ದು ಕೇಳಿತು. ಅರ್ಲೀನ್ ಯಾವಾಗ ಬಂದು ನಿಂತಿದ್ದಳೋ.

"ಅವನ ಅಪ್ಪ," ಎಂದಳು. "ನನ್ನ ಗಂಡ. ಬರ್ಕೊಳ್ಳಿ. ಆ ಹುಡುಗಿ ವಿರುದ್ಧ ನಾನು ಕೊಟ್ಟ ದೂರೆಲ್ಲ ವಾಪಸ್ ತಗೋತೀನಿ, ಅದನ್ನೂ ಬರ್ಕೊಳ್ಳಿ."

ಜೋನೆಲ್ ಹೊರಗೆ ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದಳು. ಅವಳು ಅತ್ತಿದ್ದಳು. ಅಪ್ಪಿಕೊಳ್ಳುತ್ತಾಳೇನೋ ಎಂದು ನನ್ನ ಮನಸ್ಸು ಆಸೆಪಟ್ಟಿತು. ಅವಳು ದೂರದಲ್ಲೇ ನಿಂತಳು.

"ಆವತ್ತು ಪಾತ್ರೆ ತಂದಾಗಲೇ ಗೊತ್ತಿತ್ತಲ್ವಾ ನಿಮಗೆ?"

"ಗೊತ್ತಿತ್ತು."

"ನಾನು ಕಾಗದ ತೋರಿಸಿ ಕೇಳ್ದೆ."

"ಕೇಳ್ದೆ ಮಗಳೇ."

"ಹೋದ ವರ್ಷ ಅವನನ್ನ ಐದು ಪಂದ್ಯ ಕೂರಿಸಿದಾಗ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಜೂನ್‌ನಲ್ಲಿ ತಾನಾಗೇ ಬಂದು ಸಾರಿ ಕೇಳ್ದ," ಎಂದಳು. ತಿರುಗಿ ಹೊರಟುಹೋದಳು. ಅವಳ ಲೈಸೆನ್ಸ್ ಉಳಿಯಿತು. ಕಾಲೇಜು ಮತ್ತೆ ಕರೆಯಿತಂತೆ. ಅವಳು ಬರಲಿಲ್ಲ, ಬೇರೆ ರಾಜ್ಯಕ್ಕೆ ಹೋದಳು.

*

ಶುಕ್ರವಾರ ಕಾಲೇಜಿನಿಂದ ಫೋನ್ ಬಂತು. ನಲವತ್ನಾಲ್ಕರ ಸಮಾರಂಭ ಈ ವರ್ಷ ಬೇಡ, ಮುಂದೆ ನೋಡೋಣ ಎಂದರು. ಅದರ ಮರುವಾರ, ಕೊನೆಯ ಪಂದ್ಯದ ಶನಿವಾರ, ನಾನೊಬ್ಬಳೇ ಸಮಾಧಿಗೆ ಹೋದೆ. ಕಬ್ಬು ಕಡಿದ ಗದ್ದೆಗಳ ಆಚೆ ಮೈದಾನ. ನಗಾರಿಯ ಸದ್ದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಕೊನೆಯ ವರ್ಷದ ಹುಡುಗರ ಹೆಸರು ಒಂದೊಂದಾಗಿ ಕರೆಯುತ್ತಿದ್ದರು. ಯಾವ ಹೆಸರೂ ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಲೂಷಿಯನ್. ಕಾರ್ಖಾನೆಯ ಬಟ್ಟೆ, ಬೂಟಿನ ತುಂಬ ಕೆಸರು. ಹನ್ನೆರಡು ದಿನದಿಂದ ನನ್ನೊಡನೆ ಮಾತನಾಡದವನು ನಾಲ್ಕು ಮಾರು ದೂರ ನಿಂತ.

"ಅಲ್ಲಿಗೆ ಹೋಗ್ಲಿಲ್ವಾ?" ಎಂದೆ.

"ಗೇಟಿನ ತನಕ ಹೋದೆ." ಅವನು ಟೋಪಿ ತೆಗೆದ. "ಹನ್ನೊಂದು ಅಂದೆಯಂತೆ ಅಮ್ಮ, ಅರ್ಲೀನ್‌ಗೆ."

"ಹನ್ನೊಂದೇ."

"ಅದ್ರಲ್ಲಿ ಎರಡು ನಾನು ತಿಂದೆ. ಅವನು ನಂಗೆ ಕೊಟ್ಟ. 'ಅಪ್ಪಾ, ನೀನೂ ಸ್ವಲ್ಪ ಪೆದ್ದ ಆಗು' ಅಂದ."

ಅಷ್ಟು ಹೇಳಿ ಅವನು ಸಮಾಧಿಯ ಸುಣ್ಣದ ಗೋಡೆಗೆ ಹಣೆ ಇಟ್ಟು ಕೂತುಬಿಟ್ಟ. ನಾನು ಜಪಸರ ತೆಗೆದೆ. ಅದರ ಹಿಂದೆ ಅಡಗಿಸಲು ಈಗ ನನ್ನಲ್ಲಿ ಏನೂ ಉಳಿದಿರಲಿಲ್ಲ. ಪ್ರತಿ ಪ್ರಾರ್ಥನೆಯ ಅರ್ಧವನ್ನು ನಾನು ಹೇಳಿದೆ, ಉಳಿದರ್ಧವನ್ನು ನನ್ನ ಮಗ ಹೇಳಿದ. ಹತ್ತು ಹತ್ತು ಮಣಿಗಳ ಐದು ಸುತ್ತೂ ಮುಗಿದವು. ಆಮೇಲೆ ಪುಸ್ತಕದಲ್ಲಿಲ್ಲದ ಮಾತು ನನ್ನ ಬಾಯಿಗೆ ಬಂತು.

ಪ್ರಭುವೇ, ನಮ್ಮ ಎಮಿಲ್ ನಿನ್ನ ಮುಂದೆ ನಿಂತಿದ್ದಾನೆ. ಅವನನ್ನು ಏನಾದರೂ ಕೇಳುವುದಿದ್ದರೆ ಅವಸರಪಡಿಸದೆ ಕೇಳು, ಅವನ ಎದುರಿಗೆ ಗಡಿಯಾರ ಹಿಡಿಯಬೇಡ. ಅವನು ಹೇಳಿದ ತಪ್ಪು ಉತ್ತರಗಳು ಅವನವಲ್ಲ. ನನ್ನ ಮೇಜಿನ ಮೇಲೆ, ನನ್ನ ಕೈಯಿಂದ ಕಲಿತವು. ಅವುಗಳ ಲೆಕ್ಕವನ್ನು ನನ್ನಿಂದ ತೆಗೆದುಕೋ. ಅವನ ತಲೆಯ ನೋವನ್ನು ತೆಗೆ. ಬೆಳಕು ಅವನ ಕಣ್ಣಿಗೆ ಚುಚ್ಚದಂತೆ ಮಾಡು. ನಾವು ಬಂದು ಸೇರುವವರೆಗೆ ಅವನಿಗೆ ಶಾಂತಿಯನ್ನು ಕೊಡು. ಆಮೆನ್.